ಪೇಪರ್ ಪ್ರಕಟವಾಗಲು ನಾವೇ ದುಡ್ಡು ಕೊಡಬೇಕಾ?

ಓದುಗರ ಪ್ರಶ್ನೆ, ಲೈಬ್ರರಿಯಿಂದ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲಿದ್ದವು. ಸಂಶೋಧನಾ ಲೇಖನ ಪ್ರಕಟಿಸಲು ಜರ್ನಲ್‌ಗಳು ಕೇಳುವ ಶುಲ್ಕದ್ದೇ ಎಲ್ಲರ ಚಿಂತೆ. ನಾನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಕೊನೆಯ ವರ್ಷಗಳಲ್ಲಿ ಪುಸ್ತಕ ಕೇಳಿಕೊಂಡು ಬರುತ್ತಿದ್ದವರಿಗಿಂತ ಇಂಥ ಬಿಲ್ಲು ಹಿಡಿದುಕೊಂಡು ಬರುತ್ತಿದ್ದ ವಿದ್ಯಾರ್ಥಿಗಳೇ ಜಾಸ್ತಿ. ಅವರ ಮುಖ ಈಗಲೂ ನೆನಪಿದೆ. ಹಾಗಾಗಿ ಈ ಅಂಕಣವನ್ನು ಪೂರ್ತಿ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ಸಸ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಿದೇಶದ ಒಂದು ಒಳ್ಳೆಯ ಜರ್ನಲ್ ನನ್ನ ಲೇಖನವನ್ನು ಒಪ್ಪಿಕೊಂಡಿದೆ. ಖುಷಿಯಲ್ಲಿದ್ದೆ. ಎರಡು ದಿನ ಬಿಟ್ಟು 2,000 ಡಾಲರ್ ಕಟ್ಟಿ ಅಂತ ಮೇಲ್ ಬಂತು. ಗೈಡ್ ಹತ್ತಿರ ಇದ್ದ ಪ್ರಾಜೆಕ್ಟ್ ಮುಗಿದಿದೆ. ಅಪ್ಪ ಚೀಟಿ ಎತ್ತಿ ಕೊಡುತ್ತೇನೆ ಅನ್ನುತ್ತಿದ್ದಾರೆ. ಏನು ಮಾಡಲಿ? – ಸಂಶೋಧನಾ ವಿದ್ಯಾರ್ಥಿನಿ, ನಾಗರಭಾವಿ

ಉತ್ತರ: ಮೊದಲು ಅಪ್ಪನಿಗೆ ಹೇಳಿ, ಚೀಟಿ ಎತ್ತುವುದು ಬೇಡ. ಮನೆಯವರ ಉಳಿತಾಯದಿಂದ ಈ ದುಡ್ಡು ಹೋಗಬಾರದು. ಈ ಮಾತನ್ನು ಎಷ್ಟು ಒತ್ತಿ ಹೇಳಿದರೂ ನನಗೆ ಸಾಲದು.

ನಿಮ್ಮನ್ನು ಕೇಳುತ್ತಿರುವುದಕ್ಕೆ ಲೇಖನ ಸಂಸ್ಕರಣಾ ಶುಲ್ಕ ಅಂತ ಹೆಸರು. ಎಲ್ಲರೂ ಎಪಿಸಿ ಅನ್ನುತ್ತಾರೆ. ಲೇಖನವನ್ನು ಜಗತ್ತಿನಲ್ಲಿ ಯಾರು ಬೇಕಾದರೂ ದುಡ್ಡು ಕೊಡದೆ ಓದಲಿ, ಅದರ ಖರ್ಚನ್ನು ಬರೆದವರ ಕಡೆಯಿಂದ ವಸೂಲು ಮಾಡೋಣ ಎನ್ನುವುದು ಇದರ ಹಿಂದಿನ ಲೆಕ್ಕ. ಮೇಲ್‌ನಲ್ಲಿರುವ ಮೊತ್ತ ಪೂರ್ತಿ ಮೊತ್ತ ಅಲ್ಲ ಅನ್ನುವುದನ್ನೂ ನೋಡಿ. ಡಾಲರಿಗೆ 85 ರೂಪಾಯಿ ಹಿಡಿದರೆ 2,000 ಡಾಲರ್ ಅಂದರೆ 1,70,000 ರೂಪಾಯಿ. ಜರ್ನಲ್‌ಗಳು ತೋರಿಸುವ ದರದಲ್ಲಿ ಸಾಮಾನ್ಯವಾಗಿ ತೆರಿಗೆ ಸೇರಿರುವುದಿಲ್ಲ. ಶೇ. 18 ಜಿಎಸ್‌ಟಿ ಬಿದ್ದರೆ ಇನ್ನೂ 30,600. ಒಟ್ಟು 2,00,600. ಕಾರ್ಡಿನಲ್ಲಿ ಕಟ್ಟಿದರೆ ವಿದೇಶಿ ಹಣಕ್ಕೆ ಬ್ಯಾಂಕು ತನ್ನ ಪಾಲನ್ನು ಬೇರೆ ಹಿಡಿಯುತ್ತದೆ. ಜೂನಿಯರ್ ರಿಸರ್ಚ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಅಂದರೆ ಐದು ತಿಂಗಳ ಫೆಲೋಶಿಪ್ ಪೂರ್ತಿ ಕೊಟ್ಟರೂ ಈ ಬಿಲ್ಲು ತೀರುವುದಿಲ್ಲ.

ಈಗ ನೀವು ಮಾಡಬೇಕಾದ ಕೆಲಸ. ಆ ಜರ್ನಲ್‌ನ ವೆಬ್‌ಸೈಟಿಗೆ ಹೋಗಿ ಅದು ಯಾವ ಬಗೆಯದ್ದು ಅಂತ ನೋಡಿ. ಪೂರ್ತಿ ಓಪನ್ ಆಕ್ಸೆಸ್ ಜರ್ನಲ್, ಅಂದರೆ ಎಲ್ಲ ಲೇಖನಗಳನ್ನೂ ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದಾದದ್ದು ಆಗಿರಬಹುದು, ಇಲ್ಲವೇ ಹೈಬ್ರಿಡ್ ಆಗಿರಬಹುದು. ಹೈಬ್ರಿಡ್ ಅಂದರೆ ಚಂದಾದಾರರಿಗೆ ಬರುವ ಮಾಮೂಲಿ ಜರ್ನಲ್. ಲೇಖಕರು ಬಯಸಿದರೆ ಮಾತ್ರ ದುಡ್ಡು ಕಟ್ಟಿ ತಮ್ಮ ಲೇಖನವನ್ನು ಎಲ್ಲರಿಗೂ ತೆರೆದಿಡಬಹುದು. ಬಯಸದಿದ್ದರೆ ಎಪಿಸಿ ಇಲ್ಲ. ಲೇಖನ ಅದೇ ಜರ್ನಲ್‌ನಲ್ಲಿ, ಅದೇ ಗೌರವದಲ್ಲಿ ಬರುತ್ತದೆ.

ಮಕ್ಕಳು ಎಡವುವುದು ಇಲ್ಲೇ. ಲೇಖನ ಒಪ್ಪಿತವಾದ ಮೇಲೆ ಪ್ರಕಾಶಕರಿಂದ ಒಂದು ಲಿಂಕ್ ಬರುತ್ತದೆ. ಒತ್ತಿದರೆ ಹಕ್ಕುಗಳ ಫಾರಂ ತೆರೆದುಕೊಳ್ಳುತ್ತದೆ. ಹೈಬ್ರಿಡ್ ಆದರೆ ಅಲ್ಲಿ ಎರಡು ದಾರಿ ಇರುತ್ತವೆ, ಒಂದು ಓಪನ್ ಆಕ್ಸೆಸ್, ಇನ್ನೊಂದು ಸಬ್‌ಸ್ಕ್ರಿಪ್ಷನ್. ಎಷ್ಟೋ ಕಡೆ ಓಪನ್ ಆಕ್ಸೆಸ್ ಆಯ್ಕೆ ಮೇಲೆ, ಎದ್ದು ಕಾಣುವ ಹಾಗೆ ಇರುತ್ತದೆ. ಜಾಸ್ತಿ ಜನ ಓದುತ್ತಾರೆ, ಜಾಸ್ತಿ ಜನ ಉಲ್ಲೇಖಿಸುತ್ತಾರೆ ಅಂತ ಪಕ್ಕದಲ್ಲೇ ಬರೆದಿರುತ್ತಾರೆ. ಸಬ್‌ಸ್ಕ್ರಿಪ್ಷನ್ ಅನ್ನುವುದು ಕೆಳಗೆ ಸಣ್ಣದಾಗಿ ಇರುತ್ತದೆ. ಗಡಿಬಿಡಿಯಲ್ಲಿ ಮೇಲಿನದನ್ನು ಒತ್ತಿ ಸಹಿ ಹಾಕಿದರೆ ಬಿಲ್ಲು ಹೊರಡುತ್ತದೆ. ನೀವು ಆ ಫಾರಂ ಇನ್ನೂ ತುಂಬಿಲ್ಲದಿದ್ದರೆ ಗೈಡ್ ಜೊತೆ ಕೂತು, ಪ್ರತಿ ಪರದೆಯನ್ನೂ ಓದಿ ತುಂಬಿ. ತುಂಬಿಬಿಟ್ಟಿದ್ದರೆ ತಡಮಾಡಬೇಡಿ. ಆಯ್ಕೆ ಬದಲಿಸಿಕೊಡಿ ಅಂತ ಇವತ್ತೇ ಪ್ರಕಾಶಕರ ಸಹಾಯ ವಿಭಾಗಕ್ಕೆ ಬರೆಯಿರಿ. ಲೇಖನ ಆನ್‌ಲೈನಿನಲ್ಲಿ ಪ್ರಕಟವಾಗುವ ಮುಂಚೆ ಕೇಳಿದರೆ ಬದಲಿಸುವ ಸಾಧ್ಯತೆ ಹೆಚ್ಚು. ಬಣ್ಣದ ಚಿತ್ರಗಳಿಗೆ, ಹೆಚ್ಚುವರಿ ಪುಟಗಳಿಗೆ ಬೇರೆ ಶುಲ್ಕ ಇದೆಯಾ ಅಂತಲೂ ಆಗಲೇ ಕೇಳಿಬಿಡಿ.

ಜರ್ನಲ್ ಪೂರ್ತಿ ಓಪನ್ ಆಕ್ಸೆಸ್ ಆಗಿದ್ದರೆ ದಾರಿ ಸ್ವಲ್ಪ ಇಕ್ಕಟ್ಟು. ಆದರೂ ದಾರಿ ಇದೆ. ಶುಲ್ಕ ಮನ್ನಾ ಕೇಳಿ ಪತ್ರ ಬರೆಯಿರಿ. ‘ಭಾರತ ಅಂದರೆ ತಾನಾಗೇ ಮನ್ನಾ ಆಗುತ್ತದೆ’ ಅಂತ ಕ್ಯಾಂಪಸ್‌ಗಳಲ್ಲಿ ಒಂದು ಮಾತು ಓಡಾಡುತ್ತದೆ. ಅದು ನಿಜವಲ್ಲ. ಬಡ ದೇಶಗಳಿಗೆ ತಾನಾಗಿ ಸಿಗುವ ಮನ್ನಾಕ್ಕೆ ದೊಡ್ಡ ಪ್ರಕಾಶಕರು ಸಾಮಾನ್ಯವಾಗಿ ರಿಸರ್ಚ್‌4ಲೈಫ್ ಎನ್ನುವ ಯೋಜನೆಯ ದೇಶಗಳ ಪಟ್ಟಿಯನ್ನೋ, ವಿಶ್ವ ಬ್ಯಾಂಕಿನ ವರ್ಗೀಕರಣವನ್ನೋ ನೋಡುತ್ತಾರೆ. ನಮ್ಮ ದೇಶದ ಒಟ್ಟು ಆರ್ಥಿಕತೆ ದೊಡ್ಡದು, ಹಾಗಾಗಿ ಭಾರತ ಆ ಪಟ್ಟಿಯ ಹೊರಗೆ. ಒಬ್ಬ ವಿದ್ಯಾರ್ಥಿಯ ಜೇಬು ಎಷ್ಟು ಸಣ್ಣದು ಅನ್ನುವುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಇದು ನನಗೆ ಅನ್ಯಾಯ ಅನ್ನಿಸುತ್ತದೆ. ಆದರೆ ಪ್ರತ್ಯೇಕವಾಗಿ ಕೇಳಿದವರಿಗೆ ಪೂರ್ತಿ ಮನ್ನಾವೋ ಅರ್ಧ ರಿಯಾಯಿತಿಯೋ ಕೊಡುವ ಅವಕಾಶವನ್ನು ಅನೇಕ ಪ್ರಕಾಶಕರು ಇಟ್ಟುಕೊಂಡಿದ್ದಾರೆ. ಪತ್ರದಲ್ಲಿ ಅಳುವುದು ಬೇಡ, ಹೊಗಳುವುದೂ ಬೇಡ. ಲೇಖನದ ಸಂಖ್ಯೆ, ನೀವು ವಿದ್ಯಾರ್ಥಿನಿ ಅನ್ನುವುದು, ಈ ಕೆಲಸಕ್ಕೆ ಬಂದ ಧನಸಹಾಯ ಯಾವಾಗ ಮುಗಿಯಿತು, ವಿಶ್ವವಿದ್ಯಾಲಯದಲ್ಲಿ ಎಪಿಸಿಗೆ ನಿಧಿ ಇಲ್ಲ ಅನ್ನುವುದು, ನೀವು ಎಷ್ಟು ಕಟ್ಟಬಲ್ಲಿರಿ ಅನ್ನುವುದು. ಏನೂ ಕಟ್ಟಲಾಗದಿದ್ದರೆ ಹಾಗೇ ಬರೆಯಿರಿ. ಗೈಡ್ ಸಹಿ ಇರುವ ಒಂದು ಪತ್ರವನ್ನೂ ಜೊತೆಗೆ ಕಳಿಸಿ.

ಸಾಮಾನ್ಯವಾಗಿ ಈ ಕೋರಿಕೆಯನ್ನು ಲೇಖನ ಸಲ್ಲಿಸುವಾಗಲೇ ಇಡಬೇಕು. ಒಪ್ಪಿದ ಮೇಲೆ ಕೇಳಿದರೆ ತುಂಬಾ ಜರ್ನಲ್‌ಗಳು ಆಗುವುದಿಲ್ಲ ಅನ್ನುತ್ತವೆ. ಆದರೂ ಕೇಳಿ. ಹಾಗೇ ಸಹಲೇಖಕರು ಯಾರಾದರೂ ಬೇರೆ ಸಂಸ್ಥೆಯಲ್ಲಿದ್ದಾರಾ? ಲೇಖಕರ ಬದಲು ಎಪಿಸಿಯನ್ನು ಸಂಸ್ಥೆಯೇ ನೋಡಿಕೊಳ್ಳುವ ಒಪ್ಪಂದ ಆ ಸಂಸ್ಥೆಗೆ ಈ ಪ್ರಕಾಶಕರ ಜೊತೆ ಇರಬಹುದು. ಇಂಥ ಒಪ್ಪಂದಗಳು ಸಂಪರ್ಕ ಲೇಖಕರ, ಅಂದರೆ ಜರ್ನಲ್ ಜೊತೆ ಪತ್ರವ್ಯವಹಾರ ಮಾಡುವ ಲೇಖಕರ ಸಂಸ್ಥೆ ಯಾವುದು ಅನ್ನುವುದರ ಮೇಲೆ ನಿಂತಿರುತ್ತವೆ. ಇದನ್ನೂ ಮೊದಲೇ ಯೋಚಿಸಿದ್ದರೆ ಒಳ್ಳೆಯದು. ಮುಂದಿನ ಲೇಖನಕ್ಕಾದರೂ ನೆನಪಿರಲಿ.

ಇನ್ನೊಂದು ಬಾಗಿಲು ನಿಮ್ಮ ವಿಶ್ವವಿದ್ಯಾಲಯದ ಲೈಬ್ರರಿ. ಕೇಂದ್ರ ಸರ್ಕಾರದ ‘ಒಂದು ದೇಶ ಒಂದು ಚಂದಾ’ ಯೋಜನೆಗೆ 2024ರ ನವೆಂಬರಿನಲ್ಲಿ ಸಂಪುಟದ ಒಪ್ಪಿಗೆ ಸಿಕ್ಕಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜು, ಸಂಶೋಧನಾ ಸಂಸ್ಥೆಗಳಿಗೆ ಇವುಗಳನ್ನು ಓದಲು ಸಿಗುತ್ತದೆ. ಇದು ಮುಖ್ಯವಾಗಿ ಓದುವ ಯೋಜನೆ. ಆದರೆ ಆಯ್ದ ಒಳ್ಳೆಯ ಓಪನ್ ಆಕ್ಸೆಸ್ ಜರ್ನಲ್‌ಗಳಲ್ಲಿ ಪ್ರಕಟಿಸುವವರಿಗೆ ನೆರವಾಗಲು ವರ್ಷಕ್ಕೆ 150 ಕೋಟಿವರೆಗೆ ಕೊಡುವ ಮಾತೂ ಇದರಲ್ಲಿದೆ. ನಿಮ್ಮ ಜರ್ನಲ್‌ಗೆ ಅದು ಅನ್ವಯಿಸುತ್ತದಾ ಅಂತ ಲೈಬ್ರರಿಯನ್ ಹತ್ತಿರ ಖುದ್ದಾಗಿ ಹೋಗಿ ಕೇಳಿ. ಫೋನಿನಲ್ಲಿ ಕೇಳಿದರೆ ‘ನೋಡ್ತೀವಿ’ ಅಂತಾರೆ. ಎದುರಿಗೆ ಕೂತರೆ ಕೆಲಸ ಆಗುತ್ತದೆ.

ಯಾವುದೂ ಆಗದಿದ್ದರೆ? ಹಕ್ಕುಪತ್ರಕ್ಕೆ ಸಹಿ ಹಾಕುವ ಮುಂಚೆ, ಕಾರಣ ತಿಳಿಸಿ, ಮರ್ಯಾದೆಯಿಂದ ಲೇಖನವನ್ನು ವಾಪಸ್ ಪಡೆಯಿರಿ. ಸಂಪಾದಕರಿಗೆ ಬೇಜಾರಾಗುತ್ತದೆ, ನಿಮಗೂ ಆಗುತ್ತದೆ. ವಾಪಸ್ ಆಯಿತು ಅಂತ ಅವರಿಂದ ಬರಹದಲ್ಲಿ ಬಂದ ಮೇಲೆಯೇ ಇನ್ನೊಂದು ಜರ್ನಲ್‌ಗೆ ಕಳಿಸಿ. ವಿಮರ್ಶಕರು, ಅಂದರೆ ಜರ್ನಲ್ ಪರವಾಗಿ ಲೇಖನ ಓದಿ ಪರೀಕ್ಷಿಸುವ ಅದೇ ವಿಷಯದ ತಜ್ಞರು, ಹೇಳಿದ್ದನ್ನೆಲ್ಲ ತಿದ್ದಿದ್ದೀರಿ. ಲೇಖನ ಈಗ ಮೊದಲಿಗಿಂತ ಗಟ್ಟಿಯಾಗಿದೆ. ಆ ಕೆಲಸ ಎಲ್ಲೂ ಹೋಗುವುದಿಲ್ಲ.

ಪ್ರಶ್ನೆ: ನಾನು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ವಾಟ್ಸಾಪ್‌ನಲ್ಲಿ ‘ಯುಜಿಸಿ ಕೇರ್ ಪಟ್ಟಿಯಲ್ಲಿರುವ ಅಂತಾರಾಷ್ಟ್ರೀಯ ಜರ್ನಲ್, ಮೂರು ದಿನದಲ್ಲಿ ಪ್ರಕಟಣೆ, 1,800 ರೂಪಾಯಿ’ ಅಂತ ಬಂದಿತ್ತು. ಲೇಖನ ಕಳಿಸಿದೆ. ಮಾರನೇ ದಿನವೇ ಒಪ್ಪಿದ್ದೇವೆ ಅಂದರು. ಅನುಮಾನ ಬಂದು ಬೇಡ ಅಂದೆ. ಈಗ ವಾಪಸ್ ಪಡೆಯಲು 5,000 ಕಟ್ಟಿ, ಇಲ್ಲದಿದ್ದರೆ ನಿಮ್ಮ ಕಾಲೇಜಿಗೆ ಬರೆಯುತ್ತೇವೆ ಅನ್ನುತ್ತಿದ್ದಾರೆ. – ರಾಜಾಜಿನಗರ

ಉತ್ತರ: ಸರ್, ಒಂದು ಪೈಸೆಯನ್ನೂ ಕಟ್ಟಬೇಡಿ. ಮೂರು ದಿನದಲ್ಲಿ ಯಾರೂ ಒಂದು ಲೇಖನವನ್ನು ಇಬ್ಬರು ವಿಮರ್ಶಕರಿಗೆ ಕಳಿಸಿ, ಓದಿಸಿ, ತಿದ್ದಿಸಿ ಪ್ರಕಟಿಸುವುದಿಲ್ಲ. ಮಾರನೇ ದಿನವೇ ಒಪ್ಪಿದ್ದಾರೆ ಅಂದರೆ ಅಲ್ಲಿ ಯಾರೂ ನಿಮ್ಮ ಲೇಖನ ಓದಿಲ್ಲ.

ಯುಜಿಸಿ ಕೇರ್ ಪಟ್ಟಿಯ ವಿಷಯ ಎಲ್ಲ ಉಪನ್ಯಾಸಕರಿಗೂ ಗೊತ್ತಿರಲಿ. ಒಳ್ಳೆಯ ಜರ್ನಲ್‌ಗಳನ್ನು ಗುರುತಿಸಲು 2018ರಲ್ಲಿ ಶುರುವಾದ ಈ ವ್ಯವಸ್ಥೆಯನ್ನು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2025ರ ಫೆಬ್ರವರಿಯಲ್ಲಿ ನಿಲ್ಲಿಸಿದೆ. ಅದರ ಬದಲು, ಜರ್ನಲ್ ಆರಿಸುವಾಗ ನೋಡಬೇಕಾದ ಅಂಶಗಳನ್ನು ಹೇಳಿ, ತೀರ್ಮಾನವನ್ನು ಆಯಾ ಸಂಸ್ಥೆಗೇ ಬಿಟ್ಟಿದೆ. ಹಾಗಾಗಿ ಇವತ್ತು ಯಾರಾದರೂ ಕೇರ್ ಪಟ್ಟಿಯ ಹೆಸರಲ್ಲಿ ಲೇಖನ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಐಎಸ್‌ಎಸ್‌ಎನ್ ಸಂಖ್ಯೆ ಇದೆ ಅನ್ನುವುದೂ ಗುಣಮಟ್ಟದ ಪ್ರಮಾಣಪತ್ರ ಅಲ್ಲ. ಅದು ಪತ್ರಿಕೆಯನ್ನು ಗುರುತಿಸುವ ಸಂಖ್ಯೆ, ಅಷ್ಟೇ.

ನೀವು ಮಾಡಬೇಕಾದ್ದು ಇಷ್ಟು. ‘ನಾನು ಯಾವ ಹಕ್ಕುಪತ್ರಕ್ಕೂ ಸಹಿ ಹಾಕಿಲ್ಲ, ದುಡ್ಡು ಕಟ್ಟಿಲ್ಲ, ಈ ಲೇಖನವನ್ನು ವಾಪಸ್ ಪಡೆದಿದ್ದೇನೆ, ಪ್ರಕಟಿಸಲು ನನ್ನ ಒಪ್ಪಿಗೆ ಇಲ್ಲ’ ಅಂತ ಒಂದೇ ಒಂದು ಮೇಲ್ ಕಳಿಸಿ. ಪ್ರತಿಯನ್ನು ಪ್ರಾಂಶುಪಾಲರಿಗೂ ಕಳಿಸಿ. ಕಾಲೇಜಿಗೆ ಬರೆಯುತ್ತೇವೆ ಅಂತ ಹೆದರಿಸುವವರಿಗಿಂತ ಮುಂಚೆ ನೀವೇ ಹೇಳಿಬಿಟ್ಟರೆ ಆ ಬೆದರಿಕೆಗೆ ಬಲ ಇರುವುದಿಲ್ಲ. ಮೇಲ್, ವಾಟ್ಸಾಪ್ ಸಂದೇಶ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆಮೇಲೆ ಅವರ ಜೊತೆ ವಾದಕ್ಕೆ ಇಳಿಯಬೇಡಿ. ಈಗಾಗಲೇ ದುಡ್ಡು ಕಳಿಸಿ ಮೋಸ ಹೋದವರು ಸೈಬರ್ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿ.

ಇದು ಸಣ್ಣ ಪುಟ್ಟ ದಂಧೆಯೇನಲ್ಲ. ಹೈದರಾಬಾದಿನ ಒಂದು ಪ್ರಕಾಶನ ಕಂಪನಿಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮೊಕದ್ದಮೆ ಹೂಡಿತ್ತು. 2019ರಲ್ಲಿ ಅಲ್ಲಿನ ನ್ಯಾಯಾಲಯ ಆ ಕಂಪನಿ 5 ಕೋಟಿ ಡಾಲರಿಗೂ ಹೆಚ್ಚು ಕಟ್ಟಬೇಕು ಅಂತ ಆದೇಶಿಸಿತು. ವಿಮರ್ಶೆ ನಡೆಸದೆ ನಡೆಸಿದ್ದೇವೆ ಅನ್ನುವುದು, ಶುಲ್ಕವನ್ನು ಮೊದಲು ಮುಚ್ಚಿಟ್ಟು ಆಮೇಲೆ ಕೇಳುವುದು, ವಾಪಸ್ ಕೇಳಿದರೆ ಲೇಖನ ಬಿಟ್ಟುಕೊಡದೇ ಇರುವುದು, ಇವೇ ಅಲ್ಲಿನ ಆರೋಪಗಳು. ನಿಮಗೆ ಆಗಿರುವುದೂ ಹೆಚ್ಚುಕಡಿಮೆ ಇದೇ ಅಲ್ವಾ?

ಮುಂದೆ ಲೇಖನ ಕಳಿಸುವ ಮುಂಚೆ ಡಿಒಎಜೆ ಎನ್ನುವ ಓಪನ್ ಆಕ್ಸೆಸ್ ಜರ್ನಲ್‌ಗಳ ಕೋಶದಲ್ಲಿ ಹುಡುಕಿ. 2003ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು, ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು. ಹೆಸರಿನ ಬದಲು ಐಎಸ್‌ಎಸ್‌ಎನ್ ಹಾಕಿ ಹುಡುಕಿ, ಯಾಕೆಂದರೆ ನಿಜವಾದ ಜರ್ನಲ್‌ನ ಹೆಸರನ್ನೇ ಕದ್ದು ನಕಲಿ ವೆಬ್‌ಸೈಟ್ ಮಾಡುವವರಿದ್ದಾರೆ. ಸಿಕ್ಕರೆ ಅಲ್ಲಿಂದಲೇ ಕೊಂಡಿ ಒತ್ತಿ ಜರ್ನಲ್‌ಗೆ ಹೋಗಿ. ವಾಟ್ಸಾಪ್‌ನಲ್ಲಿ ಬಂದ ಕೊಂಡಿ ಬೇಡ. ಶುಲ್ಕ ಇದೆಯಾ, ಎಷ್ಟು ಅನ್ನುವುದು ಅಲ್ಲೇ ಬರೆದಿರುತ್ತದೆ. ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಒಬ್ಬ ಪ್ರಾಧ್ಯಾಪಕರಿಗೆ, ಅವರ ವಿಶ್ವವಿದ್ಯಾಲಯದ ವಿಳಾಸಕ್ಕೆ, ‘ನೀವು ನಿಜಕ್ಕೂ ಈ ಮಂಡಳಿಯಲ್ಲಿದ್ದೀರಾ’ ಅಂತ ಬರೆದು ಕೇಳುವುದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ನಾನು ಹಾಗೆ ಕೇಳಿದಾಗ, ತಮ್ಮ ಹೆಸರು ಅಲ್ಲಿರುವುದೇ ಗೊತ್ತಿಲ್ಲ ಅಂತ ಬೆಚ್ಚಿದವರಿದ್ದಾರೆ.

ಪ್ರಶ್ನೆ: ಎರಡು ಪೇಪರ್ ಇಲ್ಲದೆ ಥೀಸಿಸ್ ಸಲ್ಲಿಸಲು ಬರುವುದಿಲ್ಲ, ಯುಜಿಸಿ ನಿಯಮ ಅಂತ ಸೀನಿಯರ್‌ಗಳು ಹೇಳುತ್ತಾರೆ. ಹೌದಾ? – ಕೆಂಗೇರಿ

ಉತ್ತರ: ಯುಜಿಸಿಯ 2022ರ ಪಿಎಚ್‌ಡಿ ನಿಯಮಗಳಲ್ಲಿ ಆ ಕಡ್ಡಾಯ ಇಲ್ಲ. ಆದರೆ ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಟುಕೊಂಡಿರಬಹುದು. ನೀವು ನೋಂದಾಯಿಸಿಕೊಂಡ ವರ್ಷಕ್ಕೆ ಅನ್ವಯಿಸುವ ನಿಯಮಾವಳಿಯ ಪ್ರತಿಯನ್ನು ಪಿಎಚ್‌ಡಿ ವಿಭಾಗದಿಂದ ತೆಗೆದುಕೊಂಡು ನೀವೇ ಓದಿ. ಬಾಯಿಮಾತಿನ ಆತುರಕ್ಕೆ ಬಿದ್ದು ದುಡ್ಡು ಕಟ್ಟುವವರೇ ಜಾಸ್ತಿ.

ಪ್ರಶ್ನೆ: ಮಗ ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಾನೆ. ನಾನು ಮುದ್ರಣಾಲಯ ನಡೆಸಿದವನು. ಕಾಗದ ಇಲ್ಲ, ಅಚ್ಚು ಇಲ್ಲ, ಬರೆದವರಿಗೆ ಸಂಭಾವನೆಯೂ ಇಲ್ಲ. ಮತ್ತೆ ಯಾತಕ್ಕೆ ಲಕ್ಷಗಟ್ಟಲೆ ದುಡ್ಡು? – ಚಾಮರಾಜಪೇಟೆ

ಉತ್ತರ: ನಿಮ್ಮ ಪ್ರಶ್ನೆ ತುಂಬಾ ಸರಿಯಾಗಿದೆ. ವಿಮರ್ಶಕರಿಗೂ ಸಾಮಾನ್ಯವಾಗಿ ಸಂಭಾವನೆ ಇರುವುದಿಲ್ಲ, ಅದನ್ನೂ ಸೇರಿಸಿಕೊಳ್ಳಿ.

ಖರ್ಚೇ ಇಲ್ಲ ಅಂತಲ್ಲ. ಲೇಖನಗಳನ್ನು ಸೋಸುವ ಸಿಬ್ಬಂದಿ, ಕದ್ದ ಬರಹ ಹಿಡಿಯುವ ತಂತ್ರಾಂಶ, ಪುಟ ವಿನ್ಯಾಸ, ನೂರು ವರ್ಷವಾದರೂ ಲೇಖನ ಅಳಿಯದ ಹಾಗೆ ಕಾಪಿಡುವುದು, ಇವಕ್ಕೆಲ್ಲ ದುಡ್ಡು ಬೇಕು. ಮೊದಲು ಇದು ಲೈಬ್ರರಿಗಳ ಚಂದಾದಿಂದ ಬರುತ್ತಿತ್ತು. ಚಂದಾ ದರ ವರ್ಷ ವರ್ಷ ಏರಿ, ನಮ್ಮಂಥ ಲೈಬ್ರರಿಗಳು ಜರ್ನಲ್‌ಗಳನ್ನು ಒಂದೊಂದಾಗಿ ನಿಲ್ಲಿಸಬೇಕಾಯಿತು. 2002ರಲ್ಲಿ ಬುಡಾಪೆಸ್ಟ್‌ನಲ್ಲಿ, 2003ರಲ್ಲಿ ಬರ್ಲಿನ್‌ನಲ್ಲಿ ವಿದ್ವಾಂಸರು ಸಂಶೋಧನೆ ಎಲ್ಲರಿಗೂ ತೆರೆದಿರಲಿ ಅಂತ ಘೋಷಣೆ ಹೊರಡಿಸಿದರು. ಆ ಆಸೆ ದೊಡ್ಡದು, ನಾನು ಈಗಲೂ ಅದನ್ನು ನಂಬುತ್ತೇನೆ. ಆದರೆ ದೊಡ್ಡ ಪ್ರಕಾಶಕರು ಓದುಗರ ಮೇಲಿದ್ದ ಹೊರೆಯನ್ನು ಬರೆಯುವವರ ಮೇಲೆ ಇಟ್ಟರು. ದರಕ್ಕೂ ಖರ್ಚಿಗೂ ಸಂಬಂಧ ತಪ್ಪಿ, ಜರ್ನಲ್‌ನ ಹೆಸರಿಗೆ ತಕ್ಕ ಬೆಲೆ ಬಂತು. ನೇಚರ್ ಪತ್ರಿಕೆ 2021ರಲ್ಲಿ ಓಪನ್ ಆಕ್ಸೆಸ್ ಆಯ್ಕೆ ತಂದಾಗ ಒಂದು ಲೇಖನಕ್ಕೆ ಇಟ್ಟ ದರ 9,500 ಯೂರೊ. ಮನೆ ಬಾಡಿಗೆಯ ಹಾಗೆ, ಇಲ್ಲಿ ನಾವು ಕೊಡುವುದು ಗೋಡೆಗಲ್ಲ, ಏರಿಯಾಕ್ಕೆ.

ಆದರೆ ಬೇರೆ ದಾರಿ ನಮ್ಮ ಊರಲ್ಲೇ ಇದೆ. ಸಿ. ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಸದಾಶಿವನಗರದಲ್ಲಿದೆ. ನಿಮ್ಮ ಮಗನ ವಿಷಯಕ್ಕೆ ಅವರ ‘ಪ್ರಮಾಣ’, ಎಂಜಿನಿಯರಿಂಗ್‌ಗೆ ‘ಸಾಧನಾ’ ಹೀಗೆ ಹಲವು ಜರ್ನಲ್‌ಗಳಿವೆ. ಲೇಖಕರಿಂದ ಶುಲ್ಕ ಕೇಳದೆ ಪ್ರಕಟಿಸುವ ಪರಂಪರೆ ಅವರದ್ದು. ಲೇಖನಗಳನ್ನು ಅಕಾಡೆಮಿಯ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಓದಬಹುದು. ಬರೆಯುವವರಿಗೂ ಓದುವವರಿಗೂ ಶುಲ್ಕ ಇಲ್ಲದ ಇಂಥ ಜರ್ನಲ್‌ಗಳಿಗೆ ಈಗ ಡೈಮಂಡ್ ಓಪನ್ ಆಕ್ಸೆಸ್ ಅನ್ನುತ್ತಾರೆ. ಡಿಒಎಜೆಯಲ್ಲಿರುವ ಜರ್ನಲ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಪಿಸಿ ಕೇಳುವುದೇ ಇಲ್ಲ. ಶುಲ್ಕ ಇಲ್ಲದವು ಮಾತ್ರ ತೋರಿಸು ಅಂತ ಅಲ್ಲಿ ಒಂದು ಗುರುತು ಹಾಕಿದರೆ ಸಾಕು. ಓಪನ್ ಆಕ್ಸೆಸ್ ಅಂದರೆ ದುಡ್ಡು ಕಟ್ಟುವುದು ಅಂತ ನಮ್ಮ ಮಕ್ಕಳ ತಲೆಯಲ್ಲಿ ಕೂತುಬಿಟ್ಟಿದೆ. ಅದನ್ನು ತೆಗೆಯಬೇಕು.

ಪ್ರಶ್ನೆ: ನಾವು ಹೆಬ್ಬಾಳದ ಕಡೆ ಕೆರೆ ಉಳಿಸುವ ಕೆಲಸದಲ್ಲಿರುವ ನಿವಾಸಿಗಳು. ನಮ್ಮ ಕೆರೆಯ ನೀರಿನ ಮೇಲೆ ಒಂದು ಸಂಶೋಧನೆ ಆಗಿದೆ. ಓದಲು ಹೋದರೆ ಒಂದು ಲೇಖನಕ್ಕೆ ಮೂರು ಸಾವಿರ ರೂಪಾಯಿ ಕೇಳುತ್ತಾರೆ. ನಮ್ಮ ತೆರಿಗೆ ಹಣದಲ್ಲಿ ಆದ ಸಂಶೋಧನೆ ನಮಗೇ ಸಿಗುವುದಿಲ್ಲವಾ?

ಉತ್ತರ: ಸಿಗಬೇಕು. ಕೇಂದ್ರದ ವಿಜ್ಞಾನ ತಂತ್ರಜ್ಞಾನ ಇಲಾಖೆ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2014ರ ನೀತಿಯೂ ಅದನ್ನೇ ಹೇಳುತ್ತದೆ. ಅವರ ಹಣದಲ್ಲಿ ಆದ ಕೆಲಸದ ಒಪ್ಪಿತ ಪ್ರತಿಯನ್ನು ಸಾರ್ವಜನಿಕ ಆನ್‌ಲೈನ್ ಭಂಡಾರದಲ್ಲಿ ಇಡಬೇಕು. ಇದಕ್ಕೆ ಎಪಿಸಿ ಕಟ್ಟಬೇಕಾಗಿಲ್ಲ, ಆ ಶುಲ್ಕದ ಹೊಣೆಯನ್ನು ತಾವು ಹೊರುವುದಿಲ್ಲ ಅಂತಲೂ ಆ ನೀತಿ ಹೇಳಿದೆ.

ಹೀಗೆ ಭಂಡಾರದಲ್ಲಿ ಇಟ್ಟು ತೆರೆದಿಡುವುದಕ್ಕೆ ಗ್ರೀನ್ ಓಪನ್ ಆಕ್ಸೆಸ್ ಅಂತ ಹೆಸರು. ಒಂದು ಲೇಖನಕ್ಕೆ ಮೂರು ರೂಪ ಇರುತ್ತವೆ. ಜರ್ನಲ್‌ಗೆ ಕಳಿಸುವ ಮುಂಚಿನದು, ವಿಮರ್ಶೆಯಾಗಿ ತಿದ್ದಿ ಒಪ್ಪಿತವಾದದ್ದು, ಜರ್ನಲ್ ತನ್ನ ವಿನ್ಯಾಸದಲ್ಲಿ ಪ್ರಕಟಿಸಿದ್ದು. ಕೊನೆಯದರ ಹಕ್ಕು ಪ್ರಕಾಶಕರ ಕೈಯಲ್ಲಿರಬಹುದು. ಆದರೆ ಮೊದಲನೆಯದನ್ನು ಹಾಕಲು ಭೌತಶಾಸ್ತ್ರದವರಿಗೆ 1991ರಿಂದ ಆರ್‌ಕೈವ್ ಎನ್ನುವ ತಾಣ ಇದೆ, ಜೀವಶಾಸ್ತ್ರದವರಿಗೆ 2013ರಿಂದ ಬಯೋಆರ್‌ಕೈವ್ ಇದೆ. ಎರಡನೆಯದನ್ನು ಸಂಸ್ಥೆಯ ಭಂಡಾರದಲ್ಲಿ ಇಡಲು ಅನೇಕ ಪ್ರಕಾಶಕರು ಬಿಡುತ್ತಾರೆ, ಕೆಲವರು ಒಂದು ವರ್ಷ ಕಾಯಿರಿ ಅನ್ನುತ್ತಾರೆ. ಯಾವ ಜರ್ನಲ್ ಏನು ಬಿಡುತ್ತದೆ ಅನ್ನುವುದನ್ನು, ಮೊದಲು ಶೆರ್ಪಾ ರೋಮಿಯೊ ಅನ್ನಿಸಿಕೊಳ್ಳುತ್ತಿದ್ದ ಓಪನ್ ಪಾಲಿಸಿ ಫೈಂಡರ್ ತಾಣದಲ್ಲಿ ಲೇಖಕರು ನೋಡಿಕೊಳ್ಳಬಹುದು. ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಇಂಥ ಭಂಡಾರ 2002ರಲ್ಲೇ ಶುರುವಾಯಿತು. ದೇಶದಲ್ಲಿ ಅದೇ ಮೊದಲನೆಯದು. ನಿಮ್ಮ ಕೆರೆಯ ಮೇಲೆ ಕೆಲಸ ಮಾಡಿದವರು ಅಲ್ಲಿಯವರಾದರೆ ಮೊದಲು ಅಲ್ಲೇ ಹುಡುಕಿ.

ಸಿಗದಿದ್ದರೆ ನೇರವಾಗಿ ಲೇಖಕರಿಗೇ ಬರೆಯಿರಿ. ಲೇಖನದ ಸಾರಾಂಶದ ಪುಟ ಎಲ್ಲರಿಗೂ ತೆರೆದಿರುತ್ತದೆ. ಸಂಪರ್ಕ ಲೇಖಕರ ಹೆಸರಿನ ಪಕ್ಕ ಲಕೋಟೆಯ ಗುರುತು ಇರುತ್ತದೆ, ಒತ್ತಿದರೆ ಇಮೇಲ್ ಸಿಗುತ್ತದೆ. ಲೇಖನದ ಹೆಸರು ಹಾಕಿ, ನೀವು ಆ ಕೆರೆಯ ದಂಡೆಯಲ್ಲಿ ಇರುವವರು ಅಂತ ಹೇಳಿ, ಒಪ್ಪಿತ ಪ್ರತಿ ಕಳಿಸಲು ಕೇಳಿ. ಕನ್ನಡದಲ್ಲೇ ಬರೆದರೂ ಆದೀತು. ನನಗೆ ಗೊತ್ತಿರುವ ಸಂಶೋಧಕರಲ್ಲಿ ಇಂಥ ಪತ್ರಕ್ಕೆ ಇಲ್ಲ ಅಂದವರು ಇಲ್ಲ. ಒಂದು ವಾರ ಕಾದು ಉತ್ತರ ಬರದಿದ್ದರೆ ಎರಡನೇ ಲೇಖಕರಿಗೆ ಬರೆಯಿರಿ. ಎಷ್ಟೋ ಸಲ ಅವರೇ ಕೆರೆಗೆ ಇಳಿದು ನೀರಿನ ಮಾದರಿ ತೆಗೆದ ವಿದ್ಯಾರ್ಥಿ ಆಗಿರುತ್ತಾರೆ, ಬೇಗ ಉತ್ತರಿಸುತ್ತಾರೆ.